ಜಿನೋವಾವನ್ನು ನಡೆದೇ ನೋಡಬೇಕು

ಇಟಲಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ತಪ್ಪದೆ ಇರುತ್ತವೆ. ಬಂದರು ನಗರವಾದ ಜಿನೋವಾ ಇರುವುದು ಅಪರೂಪ. ಅದರ ಹಳೆಯ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಮೇಲೆ ಇದು ಅನ್ಯಾಯವೆಂದೇ ನನಗನ್ನಿಸಿದೆ. ಇಲ್ಲಿನ ಚರ್ಚುಗಳನ್ನೂ ಅರಮನೆಗಳನ್ನೂ ಬೇರೆ ಬೇರೆಯಾಗಿ ನೋಡಿದರೆ ಊರು ಅರ್ಥವಾಗುವುದಿಲ್ಲ. ಎರಡರ ಹಿಂದೆಯೂ ಇರುವುದು ಕಡಲ ವ್ಯಾಪಾರದಿಂದ, ಲೇವಾದೇವಿಯಿಂದ ಬೆಳೆದ ಅದೇ ಮನೆತನಗಳು.

ಕಪ್ಪು ಬಿಳುಪಿನ ಪಟ್ಟೆಗಳ ಸ್ಯಾನ್ ಲೊರೆಂಜೊ ಕೆಥೆಡ್ರಲ್‌ನಿಂದ ನಡಿಗೆ ಆರಂಭಿಸುವುದು ಒಳ್ಳೆಯದು. 1941ರ ಫೆಬ್ರವರಿ 9ರಂದು ಬ್ರಿಟಿಷ್ ನೌಕಾಪಡೆ ಹಾರಿಸಿದ ಶೆಲ್ ಒಂದು ಗೋಡೆಯನ್ನು ತೂರಿ ಒಳಬಂದರೂ ಸಿಡಿಯಲಿಲ್ಲ. ಅದರ ನೆನಪನ್ನು ಒಳಗೆ ಇಂದಿಗೂ ಕಾಯ್ದಿಟ್ಟಿದ್ದಾರೆ. ಅಲ್ಲಿಂದ ಹತ್ತಿರದಲ್ಲೇ ಡೋರಿಯಾ ಮನೆತನದ ಸ್ಯಾನ್ ಮತ್ತೆಯೊ ಚರ್ಚು. ಅದರ ಮುಂಭಾಗದ ಬಿಳಿಯ ಅಮೃತಶಿಲೆಯ ಪಟ್ಟಿಗಳನ್ನು ಹತ್ತಿರ ಹೋಗಿ ನೋಡಬೇಕು: ಆ ಮನೆತನದ ನೌಕಾ ವಿಜಯಗಳನ್ನು ಲ್ಯಾಟಿನ್ ಅಕ್ಷರಗಳಲ್ಲಿ ಸಾಲುಸಾಲಾಗಿ ಕೊರೆದಿದ್ದಾರೆ. ದೇವರ ಮನೆಯ ಗೋಡೆಯೇ ವಂಶದ ಶಾಸನವಾಗಿದೆ. ಬಾಂಕಿ ಚೌಕದ ಸ್ಯಾನ್ ಪಿಯೆತ್ರೊ ಚರ್ಚಂತೂ ಅಂಗಡಿಗಳ ಮೇಲೆಯೇ ನಿಂತಿದೆ. ಆ ಅಂಗಡಿಗಳನ್ನು ಮಾರಿ ಬಂದ ಹಣವೇ ಅದರ ನಿರ್ಮಾಣಕ್ಕೆ ಒದಗಿತು.

ಆದರೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ರೊಲ್ಲಿ ಅರಮನೆಗಳು. ಆಗ ಸ್ವತಂತ್ರ ಗಣರಾಜ್ಯವಾಗಿದ್ದ ಜಿನೋವಾದಲ್ಲಿ ರಾಜನಿರಲಿಲ್ಲ, ಆದ್ದರಿಂದ ಗಣ್ಯ ಅತಿಥಿಗಳನ್ನು ಇಳಿಸಲು ರಾಜನ ಅರಮನೆಯೂ ಇರಲಿಲ್ಲ. ಹೀಗಾಗಿ 1576ರಿಂದ ಸೆನೆಟ್ ಸಿರಿವಂತರ ಮನೆಗಳ ಅಧಿಕೃತ ಪಟ್ಟಿಗಳನ್ನು (ಇವೇ ‘ರೊಲ್ಲಿ’) ಮಾಡಿ, ಅವುಗಳನ್ನು ದರ್ಜೆಗಳಾಗಿ ವಿಂಗಡಿಸಿ, ಪಟ್ಟಿಯಲ್ಲಿದ್ದವರು ಸರದಿ ಬಂದಾಗ ರಾಜ್ಯದ ಅತಿಥಿಗಳನ್ನು ಸತ್ಕರಿಸಲೇಬೇಕೆಂದು ವಿಧಿಸಿತು. ಖಾಸಗಿ ವೈಭವಕ್ಕೆ ಸಾರ್ವಜನಿಕ ಹೊಣೆಯನ್ನು ಹೊರಿಸಿದ ಈ ವ್ಯವಸ್ಥೆ ಬಹಳ ವಿವೇಕದ್ದೆಂದು ನಾನು ನಂಬುತ್ತೇನೆ. ಚಿತ್ರಕಾರ ರೂಬೆನ್ಸ್ ಈ ಊರಿನ ಅರಮನೆಗಳಿಗೆ ಮಾರುಹೋಗಿ, ಅವುಗಳ ನಕ್ಷೆಗಳನ್ನು 1622ರಲ್ಲಿ ಆಂಟ್‌ವರ್ಪ್‌ನಲ್ಲಿ ಪ್ರಕಟಿಸಿದ. ಅವನದೇ ಕುಂಚದ ದೊಡ್ಡ ಚಿತ್ರಗಳು ಇಲ್ಲಿನ ಜೆಸು ಚರ್ಚಿನಲ್ಲಿವೆ. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ರೊಲ್ಲಿ ಅರಮನೆಗಳಲ್ಲಿ 42.

ಇಂಥ ಅರಮನೆಗಳ ಬೀದಿಯಾದ ವಿಯಾ ಗರಿಬಾಲ್ದಿಯ ಉದ್ದ ಸುಮಾರು 250 ಮೀಟರ್ ಮಾತ್ರ, ಆದರೂ ಅಲ್ಲಿ ಅವಸರ ಮಾಡಬಾರದು. ಅಲ್ಲಿನ ಪಲಾತ್ಸೊ ರೊಸ್ಸೊ, ಪಲಾತ್ಸೊ ಬಿಯಾಂಕೊ ಎಂಬ ಎರಡು ಅರಮನೆಗಳನ್ನೂ 19ನೆಯ ಶತಮಾನದಲ್ಲಿ ಗಲ್ಲಿಯೇರಾದ ಡಚೆಸ್ ನಗರಕ್ಕೆ ಕೊಟ್ಟಳು. ಇಂದು ಅವು ಎಲ್ಲರಿಗೂ ತೆರೆದ ಮ್ಯೂಸಿಯಂಗಳು. ಪಕ್ಕದ ಡೋರಿಯಾ ತುರ್ಸಿ ಅರಮನೆಯಲ್ಲಿ ಹೆಸರಾಂತ ಪಿಟೀಲು ವಾದಕ ಪಗನೀನಿಯ ಪಿಟೀಲಿದೆ. ಉಳಿದ ಅರಮನೆಗಳಲ್ಲಿ ಹಲವು ಖಾಸಗಿಯಾಗಿರುವುದರಿಂದ, ಅವು ಸಾರ್ವಜನಿಕರಿಗೆ ಬಾಗಿಲು ತೆರೆಯುವ ರೊಲ್ಲಿ ದಿನಗಳನ್ನು ಮೊದಲೇ ವಿಚಾರಿಸಿಕೊಂಡು ಪ್ರಯಾಣ ಗೊತ್ತುಮಾಡಿಕೊಳ್ಳಿ.