ಬಿಗಿಯುವಾಗ ಬಿಚ್ಚುವವನ ನೆನಪು ಯಾರಿಗೂ ಬರಲ್ವಾ?

ಹಳೇ ಲಾರಿಯ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು ಅಂತ ಯಾವ ಓನರ್‌ನ ಕೇಳಿದರೂ ಒಂದೇ ಉತ್ತರ. "ಎರಡು ಗಂಟೆ ಕೆಲಸ ಅಣ್ಣ, ಜಾಸ್ತಿ ಏನಿಲ್ಲ." ಬಿಚ್ಚೋನು ನಾನು, ಟೈಮ್ ಹೇಳೋನು ಅವನು!

8 ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. ಅದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಎಫ್‌ಸಿ ಹಿಂದಿನ ದಿನವೇ ತುಮಕೂರಿನ ಗ್ಯಾರೇಜ್‌ಗಳು ನೆನಪಾಗುತ್ತವೆ. ಈಗ ನನ್ನ ಶೆಡ್‌ನಲ್ಲಿ ನಿಂತಿರುವುದೂ ಅಂಥದ್ದೇ. ಆರು ಚಕ್ರದ ಗಾಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೂ ಚಿಕ್ಕನಾಯಕನಹಳ್ಳಿ ಕಡೆ ಅದಿರು ಹೊಡೆದಿದೆ. ಆಮೇಲೆ ಇಟ್ಟಿಗೆ, ಈಗ ಎಪಿಎಂಸಿ ಹುಣಸೆಹಣ್ಣು. ಅದಿರಿನ ಕೆಂಪು ಧೂಳು ಮಾತ್ರ ಇನ್ನೂ ಚಕ್ರದ ನಡುವಿನ ಹಬ್ ಬಿಟ್ಟು ಹೋಗಿಲ್ಲ. ಎಣ್ಣೆ ಜೊತೆ ಸೇರಿ ಗಾರೆ ಆಗಿ ಕೂತಿದೆ.

ಒಳಗೆ ಎಣ್ಣೆ ತಡೆಯುವ ಆಯಿಲ್ ಸೀಲ್ ಹೋಗಿ, ಡ್ರಮ್‌ಗೆ ಉಜ್ಜಿ ಬ್ರೇಕ್ ಹಿಡಿಯುವ ಲೈನರ್ ಮೇಲೆ ಗೇರ್ ಆಯಿಲ್ ಇಳಿದಿದೆ. ಬ್ರೇಕ್ ಹಿಡಿಯುವುದಾದರೂ ಹೇಗೆ? ಸೀಲ್ ಬದಲಿಸಬೇಕು ಅಂದರೆ ಹಬ್ ಬರಬೇಕು, ಹಬ್ ಬರಬೇಕು ಅಂದರೆ ಮೊದಲು ಎಕ್ಸಲ್ ಬರಬೇಕು. ಈ ಗಾಡಿಗಳಲ್ಲಿ ಭಾರ ಹೊರುವುದು ಹಬ್ಬು, ಎಕ್ಸಲ್ ಸುತ್ತ ಇರುವ ಹೌಸಿಂಗು. ಎಕ್ಸಲ್‌ಗೆ ಚಕ್ರ ತಿರುಗಿಸುವುದಷ್ಟೇ ಕೆಲಸ. ನ್ಯಾಯವಾಗಿ ನಟ್ಟು ತೆಗೆದು ಎಳೆದರೆ ಬರಬೇಕು.

ಎಕ್ಸಲ್ ತುದಿಯ ತಟ್ಟೆ, ಅಂದರೆ ಫ್ಲೇಂಜ್, ಹಬ್‌ಗೆ ಕೂರುವುದು ಸ್ಟಡ್‌ಗಳ ಮೇಲೆ; ಆ ಸ್ಟಡ್ ಬುಡದಲ್ಲಿ ಸೀಳು ಇರುವ ಟೇಪರ್ ವಾಷರ್ ಇರುತ್ತದೆ. ನಟ್ಟು ಬಿಗಿದಷ್ಟೂ ಅದು ಒಳಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ನಟ್ಟನ್ನು ಪೂರ್ತಿ ತೆಗೆಯದೆ ಸ್ಟಡ್ ತುದಿಯಲ್ಲಿ ಬಿಟ್ಟು, ಫ್ಲೇಂಜ್ ನಡುವೆ ಹಿತ್ತಾಳೆ ರಾಡ್ ಇಟ್ಟು ಸುತ್ತಿಗೆಯಲ್ಲಿ ಸರಿಯಾಗಿ ಒಂದು ಕೊಟ್ಟರೆ ವಾಷರ್ ಟಣ್ ಅಂತ ಸಡಿಲ ಆಗುತ್ತದೆ. ಇಲ್ಲಿ ಏಟಿನ ಮೇಲೆ ಏಟು ಬಿದ್ದರೂ ಅಲುಗಾಡಲಿಲ್ಲ. ವೈರ್ ಬ್ರಷ್ ಹಾಕಿ ಉಜ್ಜಿ, ಟಾರ್ಚ್ ಬಿಟ್ಟು ನೋಡಿದರೆ ಎರಡು ವಾಷರ್‌ನ ಅಂಚಿಗೆ ಕಡಲೆಕಾಳಷ್ಟು ವೆಲ್ಡಿಂಗ್ ಚುಕ್ಕೆ! ಮೇಲೆ ಕಪ್ಪು ಪೇಂಟ್ ಬೇರೆ. ಸ್ಟಡ್ ಸಡಿಲ ಆಗುತ್ತಿತ್ತೇನೋ, ಹೊಸದು ಹಾಕುವ ಬದಲು ಯಾವನೋ ಪುಣ್ಯಾತ್ಮ ವೆಲ್ಡ್ ಹೊಡೆದು ಕಳಿಸಿದ್ದಾನೆ. ಫ್ಲೇಂಜ್‌ಗೆ ಪೇಪರ್ ಪ್ಯಾಕಿಂಗ್ ಇಲ್ಲ, ಎಪಾಕ್ಸಿ ಅಂಟು ಬಳಿದಿದ್ದಾನೆ. ಹಲಸಿನ ಮೇಣ ಆದರೂ ಎಣ್ಣೆ ಕಂಡರೆ ಬಿಡುತ್ತದೆ, ಇದು ಬಿಡಲ್ಲ. ಗ್ರೈಂಡರ್‌ನಲ್ಲಿ ವೆಲ್ಡ್ ತೆಗೆದು, ಸಂದಿಗೆ ತೆಳು ಉಳಿ ತೂರಿಸಿ ತೂರಿಸಿ ಬಿಡಿಸಿದ್ದಾಯಿತು.

ಡ್ರಮ್ ಕಥೆ ಇನ್ನೊಂದು. ಸವೆದು ಸವೆದು ಅಂಚಿನಲ್ಲಿ ಏಣು ಎದ್ದಿದೆ, ಲೈನರ್ ಕೂತಿರುವ ಬ್ರೇಕ್ ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಶೂಗೂ ಡ್ರಮ್‌ಗೂ ನಡುವಿನ ಸಂದಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿದರೆ ಶೂ ಒಳಗೆ ಹೋಗಬೇಕು. ಎಲ್ಲಿ ತಿರುಗುತ್ತದೆ? ಗ್ರೀಸ್ ನಿಪ್ಪಲ್ ಮೇಲೂ ಪೇಂಟ್! ಡ್ರಮ್‌ನಲ್ಲಿ ಥ್ರೆಡ್ ಇರುವ ಎರಡು ತೂತು ಕೊಟ್ಟಿರುತ್ತಾರೆ, ಬೋಲ್ಟ್ ಹಾಕಿ ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪ ಬಿಗಿದರೆ ಡ್ರಮ್ ತಾನೇ ಹೊರಗೆ ಬರಲಿ ಅಂತ. ಒಂದರಲ್ಲಿ ಅದಿರು ಮಣ್ಣು, ಇನ್ನೊಂದರಲ್ಲಿ ಮುರಿದ ಬೋಲ್ಟ್.

ಇಷ್ಟರಲ್ಲಿ ಓನರ್ ಟೀ ಕುಡಿದು ಬಂದು ಸಲಹೆ ಶುರು ಮಾಡಿದ. "ಗ್ಯಾಸ್ ಹಾಕಿ ಕಾಯಿಸಿ ಅಣ್ಣ, ದೊಡ್ಡ ಸುತ್ತಿಗೇಲಿ ಹೊಡೀರಿ." ಸಿಕ್ಕಾಪಟ್ಟೆ ಕಾಯಿಸಿದರೆ ಬೇರಿಂಗ್ ಗ್ರೀಸ್ ಸುಟ್ಟು ಹೋಗುತ್ತದೆ. ಡ್ರಮ್ ಬೀಡು ಕಬ್ಬಿಣ, ಅಂಚಿಗೆ ಹೊಡೆದರೆ ಸೀಳು ಬಿಡುತ್ತದೆ. ಸೀಳು ಬಿಟ್ಟರೆ ಹೊಸ ಡ್ರಮ್ ದುಡ್ಡು ಯಾರ ತಲೆ ಮೇಲೆ? ನನ್ನ ತಲೆ ಮೇಲೆ ತಾನೇ? ಅವನ ಕ್ಲೀನರ್ ಹುಡುಗ ಏರ್ ಪೈಪ್ ಹಿಡಿದು ಧೂಳು ಊದೋಕೆ ಬಂದ. ಜೋರಾಗಿ ಬೈದು ಕಳಿಸಿದೆ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು, ಆ ಧೂಳು ಎದೆಗೆ ಹೋದರೆ ವಾಪಸ್ ಬರಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನಾನು ಬೈದಿದ್ದಕ್ಕೆ ಓನರ್‌ಗೆ ಕೋಪ!

ಹಿಂದಿನವನು ಮಾಡಬೇಕಾಗಿದ್ದಿದ್ದು ಇಷ್ಟೇ. ಹಬ್ ಮೇಲೆ ಡ್ರಮ್ ಕೂರುವ ಜಾಗಕ್ಕೆ ಬ್ರಷ್ ಹಾಕಿ, ಬೆರಳಲ್ಲಿ ತೆಳ್ಳಗೆ ಬಿಸಿ ತಡೆಯುವ ಗ್ರೀಸ್ ಸವರುವುದು. ಲೈನರ್ ಉಜ್ಜುವ ಮೈಗೆ ತಾಗದ ಹಾಗೆ. ಎರಡು ನಿಮಿಷದ ಕೆಲಸ. ಅದನ್ನು ಮಾಡೋಕೆ ಸೋಮಾರಿತನ, ವೆಲ್ಡಿಂಗ್ ಮೆಷಿನ್ ಎಳೆದು ತರೋಕೆ ಮಾತ್ರ ಉತ್ಸಾಹ. ಕೂಲಿಯೂ ಅಷ್ಟೇ ನೋಡಿ. ಸಲೀಸಾಗಿ ಬಂದ ಡ್ರಮ್‌ಗೂ ಅದೇ ರೇಟು, ಜೀವ ತಿಂದ ಡ್ರಮ್‌ಗೂ ಅದೇ ರೇಟು. "ಡ್ರಮ್ ಬಿಚ್ಚಿ ಹಾಕಿದ್ದಕ್ಕೆ ಇಷ್ಟಾ?" ಅಂತ ಬಿಲ್ ಹಿಡಿದು ಕೇಳುವಾಗ ಆ ವೆಲ್ಡ್ ಚುಕ್ಕೆ ಅವನಿಗೆ ಕಾಣಲ್ಲ.

ಅಂತೂ ಎಡಗಡೆ ಬಂತು. ಬಲಗಡೆ ಇನ್ನೂ ಮುಟ್ಟಿಲ್ಲ. ಅಲ್ಲೂ ಕಪ್ಪು ಪೇಂಟ್ ಬಳಿದಿದ್ದಾರೆ, ಕೆಳಗೆ ಏನಿದೆಯೋ. ಈಗ ತಾನೇ ಓನರ್ ಫೋನ್, "ಬೆಳಿಗ್ಗೆ ಎಫ್‌ಸಿಗೆ ಹೊರಡೋಣ ಅಲ್ವಾ?" ಬಾರಪ್ಪ, ಬರುವಾಗ ಸ್ಟಡ್ ಒಂದು ಸೆಟ್, ಟೇಪರ್ ವಾಷರ್ ಒಂದು ಸೆಟ್ ಹೊಸದು ತಗೊಂಡು ಬಾ. ವೆಲ್ಡಿಂಗ್‌ನವನನ್ನು ಮಾತ್ರ ಕರ್ಕೊಂಡು ಬರಬೇಡ.