ಬೋಜೊಲೆ ಎಂದರೆ ನವೆಂಬರಿನ ವೈನ್ ಮಾತ್ರವಲ್ಲ

ಫ್ರಾನ್ಸಿನ ಕೆಂಪು ವೈನ್ ಬೋಜೊಲೆಯನ್ನು ಕೋಣೆಯ ಉಷ್ಣಾಂಶದಲ್ಲಿ, ಅದೂ ಕೆಲವೇ ತಿಂಗಳೊಳಗೆ ಕುಡಿದು ಮುಗಿಸಬೇಕು, ಜೊತೆಗೆ ಗೋಮಾಂಸದ ಸ್ಟೇಕ್ ಇರಲಿ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಮಾತನ್ನು ನಾನು ಒಪ್ಪಲಾರೆ. ನವೆಂಬರ್ ತಿಂಗಳ ಮೂರನೇ ಗುರುವಾರ ಮಾರುಕಟ್ಟೆಗೆ ಬರುವ 'ನೂವೊ' (ಆ ವರ್ಷದ ಹೊಸ ವೈನ್) ವಿಷಯದಲ್ಲಿ ಅವಸರ ಸರಿಯೇ. ಆದರೆ ಅದೇ ಗಾಮೆ ದ್ರಾಕ್ಷಿಯಿಂದ ಮೊರ್ಗೊನ್, ಫ್ಲೂರಿ, ಮುಲಾಂ-ಅ-ವಾಂ ಮುಂತಾದ 10 'ಕ್ರೂ' (ಮೇಲ್ದರ್ಜೆಯ) ಪ್ರದೇಶಗಳಲ್ಲಿ ತಯಾರಾಗುವ ಒಳ್ಳೆಯ ವೈನ್ ಹಲವು ವರ್ಷ ಕೆಡದೆ ನಿಲ್ಲುತ್ತದೆ. ಇನ್ನು ಉಷ್ಣಾಂಶದ ಮಾತು. ಗಾಮೆಯಲ್ಲಿ ಒಗರು ಕಡಿಮೆ, ಹುಳಿ ಚುರುಕು. ಆದ್ದರಿಂದ ಸುಮಾರು 13 ಡಿಗ್ರಿಯ ತಂಪಿನಲ್ಲಿ ಅದರ ಹಣ್ಣಿನ ಪರಿಮಳ ಅರಳುತ್ತದೆ, ಬೆಚ್ಚಗಾದರೆ ಮದ್ಯದ ಘಾಟೊಂದೇ ಮೂಗಿಗೆ ಬಡಿಯುತ್ತದೆ. ಲಿಯೋನ್ ನಗರದ ಒಂದು 'ಬುಶೋಂ'ನಲ್ಲಿ (ಅಲ್ಲಿನ ಸಾಂಪ್ರದಾಯಿಕ ಊಟದ ಮನೆ), ದಪ್ಪ ತಳದ 46 ಸೆಂಟಿಲೀಟರಿನ 'ಪೊ' ಬಾಟಲಿಯಲ್ಲಿ ತಂದಿಟ್ಟ ಬೋಜೊಲೆಯ ಗಾಜಿನ ಮೇಲೆ ನೀರಹನಿ ಮೂಡಿತ್ತು. ಜೊತೆಗೆ ಬೇಯಿಸಿದ ಸಾಸೇಜಿನ ದಪ್ಪ ಬಿಲ್ಲೆಗಳು, ಬೆಣ್ಣೆ ಸವರಿದ ಬಿಸಿ ಆಲೂಗಡ್ಡೆ. ಒಂದೊಂದು ಗುಟುಕೂ ನಾಲಿಗೆಯ ಮೇಲಿನ ಜಿಡ್ಡನ್ನು ತೊಳೆದುಬಿಡುತ್ತಿತ್ತು. ಲೇಖಕರು ಸೂಚಿಸಿರುವ ಭಾರಿ ಗೋಮಾಂಸದ ಸ್ಟೇಕ್ (ಅದಕ್ಕೆ ಗಡುಸಾದ ಬೋರ್ದೋ ವೈನ್ ಇದ್ದೇ ಇದೆ) ಈ ಹಗುರ ವೈನನ್ನು ನುಂಗಿಹಾಕುತ್ತದೆ. ಹುರಿದ ಕೋಳಿಯೋ ಮೆತ್ತನೆಯ ಸ್ಯಾಂ-ಮಾರ್ಸೆಲ್ಯಾಂ ಚೀಸೋ ಇದಕ್ಕೆ ಎಷ್ಟೋ ಮೇಲು.