ಬಾರ್ಬರಾ ವುಡ್‌ಹೌಸ್ ಇದ್ದಿದ್ದರೆ ಬೈಯುತ್ತಿದ್ದದ್ದು ಆ ಮರಿಯನ್ನಲ್ಲ

ಬೆಳಿಗ್ಗೆಯಿಂದ ಮನಸ್ಸು ಸರಿಯಿಲ್ಲ. ಒಂದು ನಾಯಿಮರಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಎಂದಿನಂತೆ ಎಂಟು ಗಂಟೆಗೆ ಇಲ್ಲಿ ಇಂಗ್ಲೆಂಡಿನ ವಾಟ್‌ಫರ್ಡ್‌ನ ಕ್ಯಾಸಿಯೊಬರಿ ಪಾರ್ಕಿಗೆ ಹೋಗಿದ್ದೆ. ಮುಂದೆ ಒಬ್ಬ ಹುಡುಗ ನಡೆಯುತ್ತಿದ್ದ. ಮೂವತ್ತರ ಒಳಗಿನವನು. ಜೊತೆಗೆ ಕಂದು ಬಣ್ಣದ ಗುಂಗುರು ಕೂದಲಿನ ಮರಿ, ಐದಾರು ತಿಂಗಳದ್ದಿರಬೇಕು. ಅವನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಗ್ಗ. ಮರಿ ಒಂದು ಎಲೆ ಮೂಸಲು ನಿಂತರೆ ಅವನು ಎಳೆಯುತ್ತಾನೆ. ಅದು ಓಡಿ ಬಂದು ಅವನ ಮುಖ ನೋಡುತ್ತದೆ, ಅವನು ಫೋನ್ ನೋಡುತ್ತಾನೆ. ಮತ್ತೆ ಮುಖ ನೋಡುತ್ತದೆ. ಮತ್ತೆ ಫೋನು. ಹತ್ತು ನಿಮಿಷ ಅವರ ಹಿಂದೆಯೇ ನಡೆದೆ, ಒಂದೇ ಒಂದು ಮಾತು ಅವನು ಆ ಮರಿಗೆ ಆಡಲಿಲ್ಲ. ಆಮೇಲೆ ಅಳಿಲು ಕಂಡು ಮರಿ ಹಾರಿತು, ಹಗ್ಗ ಜಗ್ಗಿತು, ಫೋನು ಕೆಳಗೆ ಬಿತ್ತು. ಆಗ ಬಂತು ಅವನ ಮೊದಲ ಮಾತು. "ಬ್ಯಾಡ್ ಡಾಗ್!" ಇಡೀ ಪಾರ್ಕಿಗೆ ಕೇಳುವ ಹಾಗೆ.

ಮರಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿಬಿಟ್ಟಿತು. ಏನು ತಪ್ಪು ಮಾಡಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಯಾರು ಹೇಳಿಕೊಟ್ಟಿದ್ದರು?

ಆ ಕ್ಷಣ ನನಗೆ ಟಿವಿಯಲ್ಲಿ ನಾಯಿ ತರಬೇತಿ ಕಲಿಸುತ್ತಿದ್ದ ಬಾರ್ಬರಾ ವುಡ್‌ಹೌಸ್ ನೆನಪಾದರು. ಇಲ್ಲಿನ ಹಳೆಯ ಸ್ನೇಹಿತರಿಗೆ ನಾನು ಆಕೆಯ ಹುಚ್ಚು ಅಭಿಮಾನಿ ಅಂತ ಗೊತ್ತೇ ಇದೆ. ಊರಿನವರಿಗೆ, ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ತೀರ್ಥಹಳ್ಳಿಯಿಂದ ವಾಟ್‌ಫರ್ಡ್‌ಗೆ ಬಂದದ್ದು 1979ರ ಕೊನೆಯಲ್ಲಿ. ಇವರು ಆಸ್ಪತ್ರೆ ಡ್ಯೂಟಿಗೆ ಹೋದರೆ ಬರುವುದು ಯಾವಾಗ ಅಂತಿಲ್ಲ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ ಕವಿಯುವ ಊರು. ಮಾತಾಡಲು ಯಾರೂ ಇಲ್ಲ. ಟಿವಿಯಲ್ಲಿ ಆಗ ಇದ್ದದ್ದೇ 3 ಚಾನೆಲ್. 1980ರಲ್ಲಿ ಬಿಬಿಸಿಯಲ್ಲಿ ಆಕೆಯ ನಾಯಿ ತರಬೇತಿ ಸರಣಿ ಬಂತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಹೆಂಗಸು. ನೆರಿಗೆಯ ಉಣ್ಣೆ ಸ್ಕರ್ಟು, ಸ್ವೆಟರ್, ನೇರ ಬೆನ್ನು. ಹುಲ್ಲಿನ ಮೇಲೆ ಸಾಲಾಗಿ ನಾಯಿಗಳು, ಪಕ್ಕದಲ್ಲಿ ಹೆದರಿ ನಿಂತ ಮಾಲೀಕರು. ಈಕೆ ಹೋಗಿ ಅತಿ ತಂಟೆಯ ನಾಯಿಯ ಹಗ್ಗ ತಮ್ಮ ಕೈಗೆ ತೆಗೆದುಕೊಂಡು, ಹಾಡಿನ ಹಾಗೆ ದನಿ ಏರಿಸಿ ಒಂದೇ ಮಾತು ಹೇಳುತ್ತಿದ್ದರು, ವಾಕಿಂಗ್ ಹೋಗೋಣ ಬಾ ಅನ್ನುವುದರ ಮುದ್ದು ರೂಪ. "ವಾಕೀಸ್!"

ಅಷ್ಟೇ. ಇಷ್ಟು ಹೊತ್ತು ಯಜಮಾನನನ್ನು ರಸ್ತೆಯ ತುಂಬ ಎಳೆದಾಡಿದ ನಾಯಿ ಬಾಲ ಆಡಿಸುತ್ತಾ ಆಕೆಯ ಎಡಗಾಲಿಗೆ ಅಂಟಿಕೊಂಡು ಹೊರಡುತ್ತಿತ್ತು. ಆಮೇಲೆ "ಸಿಟ್!" ಆ ಕೊನೆಯ ಅಕ್ಷರವನ್ನು ಎಷ್ಟು ಬಿಗಿಯಾಗಿ ಹೇಳುತ್ತಿದ್ದರು ಅಂದರೆ, ಸೋಫಾದಲ್ಲಿದ್ದ ನಾನೂ ನೆಟ್ಟಗೆ ಕೂರುತ್ತಿದ್ದೆ.

ಆಕೆ ಬೈಯುತ್ತಿದ್ದರು, ನಿಜ. ಆದರೆ ಯಾರಿಗೆ? ಮಾಲೀಕರಿಗೆ. ನಿಮ್ಮ ದನಿಯಲ್ಲಿ ಸಂತೋಷವೇ ಇಲ್ಲವಲ್ಲ, ನಾಯಿ ಯಾಕೆ ನಿಮ್ಮ ಮಾತು ಕೇಳಬೇಕು ಅನ್ನುವ ಧಾಟಿ. ಕೆಟ್ಟ ನಾಯಿ ಅನ್ನುವುದೇ ಇಲ್ಲ, ತಿಳಿಯದ ಯಜಮಾನರಿದ್ದಾರೆ ಅಷ್ಟೇ, ಇದು ಆಕೆಯ ಗಟ್ಟಿ ನಂಬಿಕೆ. ನಮ್ಮಲ್ಲಿ ನಾಯಿ ಬಾಲ ಡೊಂಕು ಅಂತ ಗಾದೆ ಮಾಡಿ ಎಲ್ಲವನ್ನೂ ನಾಯಿಯ ತಲೆಗೆ ಕಟ್ಟಿಬಿಟ್ಟಿದ್ದೇವೆ. ಬಾಲ ಡೊಂಕಾಗಿದ್ದರೆ ಏನು ತೊಂದರೆ? ಅದು ಆಡಿದರೆ ಸಾಕು ಅನ್ನುವ ಹೆಂಗಸು ಅವರು.

ಜನ ಆಕೆಯನ್ನು ನೋಡಿ ನಕ್ಕರು. ಅಣಕ ಮಾಡಿದರು. 1983ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ, ನಮ್ಮ ಭಾರತದ ಕಾಡಿನ ದೃಶ್ಯದಲ್ಲೇ, ರೋಜರ್ ಮೂರ್ ಎದುರಿಗೆ ಬಂದ ಹುಲಿಗೆ "ಸಿಟ್!" ಅನ್ನುತ್ತಾನಲ್ಲ, ಅದು ಇವರದ್ದೇ ಅನುಕರಣೆ. ಥಿಯೇಟರಿನಲ್ಲಿ ಎಲ್ಲರೂ ಹೋ ಅಂದರು. ನನಗೆ ಮಾತ್ರ ಹೆಮ್ಮೆಯಾಯಿತು. ಒಬ್ಬ ಅಜ್ಜಿಯ ಒಂದು ಮಾತು ಇಡೀ ದೇಶದ ಬಾಯಲ್ಲಿ ಕೂತಿದೆ ಅಂದರೆ ಸಣ್ಣ ವಿಷಯವಾ?

ವಿಚಿತ್ರ ಮನುಷ್ಯೆ ಅಂತ ಕರೆದವರು ಆಕೆಯ ಬದುಕು ನೋಡಲಿ. 1910ರಲ್ಲಿ ಐರ್ಲೆಂಡಿನ ಡಬ್ಲಿನ್ ಪಕ್ಕದ ರಾತ್‌ಫಾರ್ನಮ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಗಂಡು ಹುಡುಗರೇ ತುಂಬಿದ್ದ ಹಾರ್ಪರ್ ಆಡಮ್ಸ್ ಕೃಷಿ ಕಾಲೇಜಿನಲ್ಲಿ ಓದಿದರು. 1930ರ ದಶಕದಲ್ಲಿ ಅರ್ಜೆಂಟೀನಾಕ್ಕೆ ಹೋಗಿ ಯಾರಿಗೂ ಬಗ್ಗದ ಕುದುರೆಗಳನ್ನು ಪಳಗಿಸಿದರು. ಕುದುರೆಯ ಮೂಗಿನ ಹತ್ತಿರ ಮೂಗು ತಂದು ಮೆಲ್ಲಗೆ ಉಸಿರು ಬಿಟ್ಟರೆ ಅದು ನಮ್ಮನ್ನು ನಂಬುತ್ತದೆ, ಇದನ್ನು ಅಲ್ಲಿನ ಗ್ವಾರಾನಿ ಜನರಿಂದ ಕಲಿತೆ ಅಂತ ಹೇಳುತ್ತಿದ್ದರು. ಪ್ರಾಣಿಯ ಮನಸ್ಸು ತನ್ನ ಮನಸ್ಸಿಗೆ ನೇರವಾಗಿ ತಿಳಿಯುತ್ತದೆ ಅಂತಲೂ ನಂಬಿದ್ದರು. ನಗುವವರು ನಗಲಿ. ನಮ್ಮಜ್ಜಿ ಸಂಜೆ ಹೊತ್ತು ಗುಡ್ಡದ ಕಡೆ ಮುಖ ಮಾಡಿ ಕೂಗಿದರೆ, ನಾಲ್ಕು ಮನೆಯ ದನಗಳ ನಡುವಿನಿಂದ ನಮ್ಮವಷ್ಟೇ ತಲೆ ಎತ್ತಿ ಕೊಟ್ಟಿಗೆಯ ದಾರಿ ಹಿಡಿಯುತ್ತಿದ್ದವು. ಅದನ್ನು ನೋಡಿ ಬೆಳೆದವಳಿಗೆ ಬಾರ್ಬರಾ ವಿಚಿತ್ರ ಅನ್ನಿಸಲೇ ಇಲ್ಲ. ಈ ಪರದೇಶದಲ್ಲಿ ಮೊದಲ ಸಲ ಯಾರೋ ನಮ್ಮ ಕಡೆಯವರು ಸಿಕ್ಕ ಹಾಗಾಯಿತು.

ಇನ್ನೊಂದು ವಿಷಯ ಇದುವರೆಗೆ ಯಾರಿಗೂ ಹೇಳಿಲ್ಲ. ಆ ದಿನಗಳಲ್ಲಿ ನನಗೆ ದನಿಯೇ ಇರಲಿಲ್ಲ. ಇಂಗ್ಲಿಷ್ ಓದಲು ಬರುತ್ತಿತ್ತು, ಬಾಯಿ ತೆರೆದರೆ ಗಂಟಲು ಕಟ್ಟುತ್ತಿತ್ತು. ಅಂಗಡಿಯಲ್ಲಿ ನನ್ನ ಮಾತು ಕೇಳಿಸದೆ ಹಿಂದಿದ್ದವರು ಮುಂದೆ ಹೋಗುತ್ತಿದ್ದರು. ನಾನು ಸುಮ್ಮನೆ ಬರಿಗೈಯಲ್ಲಿ ಮನೆಗೆ ಬಂದ ದಿನಗಳಿವೆ. ಆಗ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಾರ್ಬರಾ ಹೇಳಿದ ಹಾಗೆ ಹೇಳಲು ಕಲಿತೆ. "ವೇಟ್." "ಸ್ಟೇ." "ಲೀವ್ ಇಟ್." ಹೊಟ್ಟೆಯಿಂದ ದನಿ ತೆಗೆದು, ಪದದ ಕೊನೆಯನ್ನು ನುಂಗದೆ. ಮೂರು ತಿಂಗಳಾದ ಮೇಲೆ ಅಂಗಡಿಯಲ್ಲಿ "ಎಕ್ಸ್‌ಕ್ಯೂಸ್ ಮಿ, ಐ ವಾಸ್ ನೆಕ್ಸ್ಟ್" ಅಂದೆ. ಎಲ್ಲರೂ ಸರಿದು ದಾರಿ ಬಿಟ್ಟರು. ಮನೆಗೆ ಬಂದು ಅತ್ತುಬಿಟ್ಟೆ.

ಆಕೆಯ ಮನೆ ಇದ್ದದ್ದು ಪಕ್ಕದ ಕ್ರಾಕ್ಸ್‌ಲಿ ಗ್ರೀನ್‌ನಲ್ಲಿ ಅಂತ ತಿಳಿದಾಗ ನಂಬಲು ಆಗಲಿಲ್ಲ. ಒಂದು ಭಾನುವಾರ ಇವರನ್ನು ಹೊರಡಿಸಿಕೊಂಡು ಹೋಗಿ ಆ ಊರಿನ ದೊಡ್ಡ ಹುಲ್ಲುಗಾವಲಿನಲ್ಲಿ ಎರಡು ಗಂಟೆ ಕೂತಿದ್ದೆ. ಆಕೆ ಬರಲಿಲ್ಲ. 1988ರಲ್ಲಿ ತೀರಿಕೊಂಡರು ಅಂತ ಸುದ್ದಿ ಬಂದಾಗ ನನ್ನ ಮಗಳಿಗೆ ಐದು ವರ್ಷ. ಅಮ್ಮ ಯಾಕೆ ಅಳುತ್ತಿದ್ದಾಳೆ ಅಂತ ಅವಳಿಗೆ ಅರ್ಥವಾಗಲಿಲ್ಲ.

ಈಗ ಕೆಲವರು ಕಾಮೆಂಟಿನಲ್ಲಿ ಬಂದು ಹೇಳುವುದು ನನಗೆ ಗೊತ್ತು. "ಆಂಟಿ, ಆಕೆ ಚೋಕ್ ಚೈನ್ ಹಾಕುತ್ತಿದ್ದರಲ್ವಾ? ಕ್ರೂರ ಅಲ್ವಾ?" ಹೌದು, ಹಾಕುತ್ತಿದ್ದರು. ಕತ್ತಿಗೆ ಬಿಗಿಯುವ ಸರಪಳಿ. ದಪ್ಪ ಕೊಂಡಿಗಳಿರಬೇಕು, ಒಂದು ಸಲ ಜಗ್ಗಿ ತಕ್ಷಣ ಸಡಿಲ ಬಿಡಬೇಕು ಅನ್ನುತ್ತಿದ್ದರು. ಇವತ್ತು ಆರ್‌ಎಸ್‌ಪಿಸಿಎ, ಡಾಗ್ಸ್ ಟ್ರಸ್ಟ್‌ನಂಥ ಪ್ರಾಣಿ ರಕ್ಷಣೆಯ ಸಂಸ್ಥೆಗಳವರು ಎಲ್ಲರೂ ಅದು ಬೇಡವೇ ಬೇಡ ಅನ್ನುತ್ತಾರೆ. ಅವರು ಹೇಳುವುದು ಸರಿ. ನಮ್ಮ ರಾಜ, ಲ್ಯಾಬ್ರಡಾರ್ ಬೆರಕೆ, ನಿಮ್ಮಲ್ಲಿ ಹಲವರು ಅವನನ್ನು ಎತ್ತಿ ಆಡಿಸಿದ್ದೀರಿ, ಅವನು ಬಂದ ಹೊಸತರಲ್ಲಿ ನಾನೂ ಆ ಸರಪಳಿ ತಂದು ಹಾಕಿದ್ದೆ. ಎರಡನೇ ದಿನ ನಾನು ಜೋರಾಗಿ ಜಗ್ಗಿದೆ, ಅವನು ಕುಂಯ್ ಅಂದ. ಆ ದನಿ ಈಗಲೂ ಕಿವಿಯಲ್ಲಿದೆ. ಮನೆಗೆ ಬಂದು ಸರಪಳಿಯನ್ನು ಕಸದ ಡಬ್ಬಕ್ಕೆ ಹಾಕಿದೆ. ಹದಿಮೂರು ವರ್ಷ ಬದುಕಿದ, ಮತ್ತೆಂದೂ ಅವನ ಕತ್ತಿಗೆ ನೋವು ಮಾಡಲಿಲ್ಲ.

ಆದರೆ ಆ ಒಂದು ಸರಪಳಿ ಹಿಡಿದು ಬಾರ್ಬರಾ ಅವರನ್ನೇ ಎತ್ತಿ ಬಿಸಾಡುವುದು ನನಗೆ ಒಪ್ಪಿಗೆಯಿಲ್ಲ. ಸರಪಳಿ ಬಿಸಾಡಿದ ಮೇಲೂ ರಾಜ ನನ್ನ ಮಾತು ಕೇಳಿದನಲ್ಲ, ಅದು ಹೇಗೆ? ದನಿಯಿಂದ. ಗಮನದಿಂದ. ಆಕೆ ನಾಯಿಯ ಹತ್ತಿರ ನಿಂತಾಗ ಜಗತ್ತಿನಲ್ಲಿ ಆ ನಾಯಿ ಬಿಟ್ಟು ಬೇರೆ ಏನೂ ಇರುತ್ತಿರಲಿಲ್ಲ. ಹೇಳಿದ್ದು ಮಾಡಿದರೆ ಎಂಥ ಹೊಗಳಿಕೆ! ಎದೆ ತುರಿಸಿ, ಮುಖದ ತುಂಬ ನಗು ತಂದು, "ವಾಟ್ ಎ ಗುಡ್ ಡಾಗ್!" ತಿಂಡಿಯ ಆಸೆ ತೋರಿಸುತ್ತಿರಲಿಲ್ಲ. ನಾಯಿಗೆ ಬೇಕಾದದ್ದು ನಿಮ್ಮ ಸಂತೋಷ ಅನ್ನುವುದು ಆಕೆಯ ಲೆಕ್ಕ. ಇವತ್ತಿನ ತರಬೇತುದಾರರು ತಿಂಡಿ ಕೊಟ್ಟು ಕಲಿಸುತ್ತಾರೆ, ಒಳ್ಳೆಯದೇ, ನೋವಿಗಿಂತ ಬಿಸ್ಕತ್ತು ಎಷ್ಟೋ ವಾಸಿ. ಆದರೆ ಸೊಂಟಕ್ಕೆ ತಿಂಡಿ ಚೀಲ ಕಟ್ಟಿಕೊಂಡು ಕಣ್ಣು ಫೋನಿನಲ್ಲಿಟ್ಟರೆ ಏನು ಬಂತು? ಪಾರ್ಕಿನ ಆ ಹುಡುಗನ ಹತ್ತಿರವೂ ಚೀಲ ಇತ್ತು. ಅದರ ಜಿಪ್ ಒಂದು ಸಲವೂ ತೆರೆಯಲಿಲ್ಲ.

ಕೋವಿಡ್ ಶುರುವಾದ ಮೇಲೆ ಈ ದೇಶದ 32 ಲಕ್ಷ ಮನೆಗಳು ಹೊಸದಾಗಿ ಸಾಕುಪ್ರಾಣಿ ತಂದವು ಅಂತ ಪೆಟ್ ಫುಡ್ ತಯಾರಕರ ಸಂಘವೇ 2021ರಲ್ಲಿ ಹೇಳಿತು. ತಂದವರಲ್ಲಿ ಎಷ್ಟು ಜನ ಅದರ ಜೊತೆ ಮಾತಾಡಲು ಕಲಿತರು? ನಾನು ಬಂದಾಗ ನಾಯಿ ಸಾಕಲು ಲೈಸೆನ್ಸ್ ಬೇಕಿತ್ತು. ಅದು ಮೂವತ್ತೇಳೂವರೆ ಪೆನ್ನಿ ಅಷ್ಟೇ. 1987ರಲ್ಲಿ ಅದನ್ನೂ ತೆಗೆದುಹಾಕಿದರು. ಆಮೇಲೆ 1991ರಲ್ಲಿ ಅಪಾಯಕಾರಿ ನಾಯಿಗಳ ಕಾಯಿದೆ, 2024ರ ಫೆಬ್ರವರಿಯಿಂದ ಎಕ್ಸ್‌ಎಲ್ ಬುಲ್ಲಿ ಅನ್ನುವ ದೊಡ್ಡ ಜಾತಿಯ ನಾಯಿ ಇಟ್ಟುಕೊಳ್ಳಲೂ ವಿನಾಯಿತಿ ಪತ್ರ ಬೇಕು. ಕಚ್ಚಿಸಿಕೊಂಡವರ ನೋವು ನನಗೆ ಅರ್ಥವಾಗುತ್ತದೆ, ಮಕ್ಕಳು ಸತ್ತಿದ್ದಾರೆ, ಕಾನೂನು ಬೇಡ ಅನ್ನುತ್ತಿಲ್ಲ. ಆದರೆ ಪ್ರತಿ ಸಲವೂ ಹೆಸರು ಬರುವುದು ನಾಯಿಯದ್ದು, ತಳಿಯದ್ದು. ಸಾಕಿದವನಿಗೆ ಏನಾದರೂ ಗೊತ್ತಿತ್ತಾ ಅಂತ ನಾಯಿ ಕೊಡುವ ಮೊದಲು ಯಾರೂ ಕೇಳುವುದಿಲ್ಲ.

ಊರಿನಲ್ಲೂ ಕಥೆ ಬೇರೆಯಲ್ಲ. ಹೋದ ವರ್ಷ ಬೆಂಗಳೂರಿನ ತಂಗಿ ಮನೆಗೆ ಹೋಗಿದ್ದಾಗ ಅದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಂದು ಹಸ್ಕಿ. ಹಿಮದಲ್ಲಿ ಗಾಡಿ ಎಳೆಯುವ ಜಾತಿ, ಬಾಲ್ಕನಿಯಲ್ಲಿ ಕಟ್ಟಿಹಾಕಿದ್ದಾರೆ. ಇಡೀ ದಿನ ಊಳಿಡುತ್ತದೆ. "ತುಂಬಾ ಹಟ ಅಕ್ಕ ಅದಕ್ಕೆ" ಅಂದಳು ತಂಗಿ. ಹಟ ಅಲ್ಲ ಕಣೇ, ಅದು ಕರೆಯುತ್ತಿದೆ ಅಂದೆ. ಬೀದಿಯಲ್ಲಿ ಕಂಡ ನಾಯಿಗೆ "ಹಚಾ" ಅನ್ನುವುದು, ಮನೆಯಲ್ಲಿರುವುದಕ್ಕೆ "ನೋ" ಅನ್ನುವುದು. ಈ ಎರಡು ಪದ ಬಿಟ್ಟು ಮೂರನೆಯದನ್ನು ಕೇಳದೆ ಎಷ್ಟು ನಾಯಿಗಳು ಸಾಯುತ್ತವೋ.

ನನಗೆ ಜಾಸ್ತಿ ಸಂಕಟ ಆಗಿರುವುದು ಆ ಹುಡುಗನಿಂದಲ್ಲ. ನನ್ನಿಂದ. ಇಷ್ಟೆಲ್ಲ ಬರೆದೆ, ಬಾರ್ಬರಾ ನನಗೆ ದನಿ ಕೊಟ್ಟರು ಅಂದೆ. ಅವನು ಕಿರುಚಿದಾಗ ನಾನು ಹತ್ತು ಹೆಜ್ಜೆ ಹಿಂದೆ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಬೇರೆಯವರ ವಿಷಯ, ಈಗಿನ ಕಾಲ, ಏನಾದರೂ ಅಂದುಬಿಟ್ಟರೆ ಅಂತ ಸುಮ್ಮನಿದ್ದೆ. 1980ರ ಆ ಅಂಗಡಿಯ ಸಾಲಿನಲ್ಲಿ ನಿಂತ ಹಾಗೆಯೇ. ಮರಿ ಹೋಗುವಾಗ ಒಂದು ಸಲ ತಿರುಗಿ ನನ್ನ ಕಡೆ ನೋಡಿತು.

ಅವನು ದಿನಾ ಅದೇ ಹೊತ್ತಿಗೆ ಬರುತ್ತಾನೆ ಅಂತ ಬೆಂಚಿನ ಮೇಲೆ ಕೂರುವ ಮುದುಕರೊಬ್ಬರು ಹೇಳಿದರು. ನಾಳೆ ಎಂಟಕ್ಕೆ ಮೊದಲೇ ಹೋಗುತ್ತೇನೆ. ಅವನನ್ನು ಬೈಯುವುದಿಲ್ಲ. ಮೊದಲು ಮರಿಯ ಹೆಸರು ಕೇಳುತ್ತೇನೆ. ಒಂದು ಸಲ ಹಗ್ಗ ಕೊಡುತ್ತೀಯಾ ಅಂತ ಕೇಳುತ್ತೇನೆ. ಕೊಟ್ಟರೆ ಆ ಪದವನ್ನು ಬಾರ್ಬರಾ ಹೇಳಿದ ಹಾಗೆಯೇ ಹೇಳುತ್ತೇನೆ, ದನಿ ಏರಿಸಿ, ಹಾಡಿನ ಹಾಗೆ.